ಆಟದ ಪಟ್ಟಿಯ ಕಿರ್ದಿ: ಜಾಲತಾಣದ ಬದಲಾವಣೆಗಳನ್ನು ಕಾರಣಸಹಿತ ದಾಖಲಿಸುವ ಬಗೆ

ಉಡುಪಿಯಲ್ಲಿರುವ ನಾವು ಮೂವರು ಗೆಳೆಯರು ತೆಂಕುತಿಟ್ಟಿನ ಒಂದು ಯಕ್ಷಗಾನ ಮೇಳದ ಜಾಲತಾಣವನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇವೆ. ನವೆಂಬರಿನಲ್ಲಿ ತಿರುಗಾಟಕ್ಕೆ ಹೊರಟ ಮೇಳಕ್ಕೆ ತಿರುಗಾಟ ಮುಗಿಯುವ ದಿನವಾದ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ದಿನಕ್ಕೊಂದು ಊರಿನಲ್ಲಿ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಇರುತ್ತದೆ. ಹೆಚ್ಚಿನವು ಹರಕೆಯ ಆಟಗಳಾದ್ದರಿಂದ ಆಟ ಆಡಿಸುವ ಸೇವಾಕರ್ತರ ಮನೆಯ ಅನುಕೂಲಕ್ಕೆ ತಕ್ಕಂತೆ ದಿನ, ಸ್ಥಳ, ಪ್ರಸಂಗಗಳು ಬದಲಾಗುತ್ತಲೇ ಇರುತ್ತವೆ. ಜಾಲತಾಣಕ್ಕೆ ಬರುವವರಲ್ಲಿ ಬಹುಪಾಲು ಜನ ನೋಡುವುದು ಈ ಆಟಗಳ ಪಟ್ಟಿಯೊಂದನ್ನೇ.

ಒಂದು ಜನವರಿಯಲ್ಲಿ, ಮಂಗಳವಾರ ಶಿರ್ವದಲ್ಲಿ ಆಗಬೇಕಿದ್ದ ಆಟವು ಸೇವಾಕರ್ತರ ಮನೆಯಲ್ಲಿ ಸೂತಕ ಬಂದದ್ದರಿಂದ ಫೆಬ್ರವರಿಗೆ ಹೋಯಿತು, ಫೆಬ್ರವರಿಯಲ್ಲಿದ್ದ ಬೆಳ್ಮಣ್ಣಿನ ಆಟ ಆ ಮಂಗಳವಾರಕ್ಕೆ ಬಂತು. ಮೇಳದ ವ್ಯವಸ್ಥಾಪಕರು ಫೋನಿನಲ್ಲಿ ತಿಳಿಸಿದ ಈ ಬದಲಾವಣೆಯನ್ನು ನಮ್ಮಲ್ಲೊಬ್ಬರು ಭಾನುವಾರವೇ ಪಟ್ಟಿಯಲ್ಲಿ ಮಾಡಿದರು. ಸೋಮವಾರ ಬೆಳಿಗ್ಗೆ ಇನ್ನೊಬ್ಬರು, ಶನಿವಾರ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಅದೇ ಪಟ್ಟಿಯಲ್ಲಿ ‘ಮೂಡಬಿದ್ರಿ’ ಎಂದಿದ್ದುದನ್ನು ‘ಮೂಡುಬಿದಿರೆ’ ಎಂದು ಸರಿಪಡಿಸಿ, ಇಡೀ ಕಡತವನ್ನು ಮತ್ತೆ ಸರ್ವರಿಗೆ ಏರಿಸಿದರು. ಕಾಗುಣಿತ ಸರಿಯಾಯಿತು, ಭಾನುವಾರದ ತಿದ್ದುಪಡಿ ಅಳಿದುಹೋಯಿತು. ಮಂಗಳವಾರ ರಾತ್ರಿ ಕಾಪುವಿನಿಂದ ಹಿರಿಯರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಶಿರ್ವಕ್ಕೆ ಹೋಗಿ, ಗದ್ದೆಯಲ್ಲಿ ರಂಗಸ್ಥಳವನ್ನಾಗಲಿ ಚೆಂಡೆಯ ಸದ್ದನ್ನಾಗಲಿ ಕಾಣದೆ ಹಿಂತಿರುಗಿದರು. “ಭಾನುವಾರ ರಾತ್ರಿ ಮೊಮ್ಮಗ ನೋಡುವಾಗ ಬೆಳ್ಮಣ್ಣು ಅಂತ ಇತ್ತಂತೆ, ಮತ್ತೆ ಶಿರ್ವ ಅಂತ ಹಾಕಿದ್ದು ಯಾರು ಮಾರಾಯ್ರೆ?” ಎಂದು ಅವರು ಮರುದಿನ ಕೇಳಿದಾಗ, ಉತ್ತರಿಸಲು ನಮ್ಮ ಬಳಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ.

ಇಂಥ ತಪ್ಪು ಆಗಲು ಯಾರೂ ಅಜಾಗರೂಕರಾಗಬೇಕಿಲ್ಲ. ಒಂದೇ ಕಡತದ ಎರಡು ಪ್ರತಿಗಳು ಇಬ್ಬರ ಬಳಿ ಇದ್ದು, ಇಬ್ಬರೂ ತಂತಮ್ಮ ಪ್ರತಿಯನ್ನು ತಿದ್ದಿ ಒಂದೇ ಜಾಗಕ್ಕೆ ಏರಿಸಿದರೆ, ಕೊನೆಗೆ ಏರಿಸಿದವರ ಪ್ರತಿ ಉಳಿದು ಮೊದಲಿನವರ ಕೆಲಸ ಸದ್ದಿಲ್ಲದೆ ಮಾಯವಾಗುತ್ತದೆ. ದಿನಕ್ಕೊಂದು ಬ್ಯಾಕಪ್ ಇಟ್ಟುಕೊಂಡರೆ ಸಾಕೆಂದು ನಾವು ಮೊದಲು ಭಾವಿಸಿದ್ದೆವು. ಆದರೆ ಭಾನುವಾರದ ಕಡತ ಹೀಗಿತ್ತು, ಸೋಮವಾರದ ಕಡತ ಹೀಗಿದೆ ಎಂಬಷ್ಟನ್ನು ಮಾತ್ರ ಬ್ಯಾಕಪ್ ತಿಳಿಸಬಲ್ಲದು. ನಡುವೆ ಎಷ್ಟು ತಿದ್ದುಪಡಿಗಳಾದವು, ಯಾವುದನ್ನು ಯಾರು ಮಾಡಿದರು, ಸೂತಕದ ನಿಮಿತ್ತ ಆದದ್ದು ಯಾವುದು, ಕಾಗುಣಿತಕ್ಕೆಂದು ಆದದ್ದು ಯಾವುದು ಎಂಬುದು ಅದರಲ್ಲಿರುವುದಿಲ್ಲ. ಹಳೆಯ ಪ್ರತಿಗೆ ಮರಳಿದರೆ ತಪ್ಪಿನೊಂದಿಗೆ ಸರಿಯಾದದ್ದೂ ಅಳಿಯುತ್ತದೆ. ಬದಲಾವಣೆಗಳನ್ನು ಒಂದೊಂದಾಗಿ, ಮಾಡಿದವರ ಹೆಸರು ಮತ್ತು ಕಾರಣದೊಂದಿಗೆ ಕಾಪಾಡುವ ವ್ಯವಸ್ಥೆ ಬೇಕು. ಅದನ್ನೇ ಆವೃತ್ತಿ ನಿಯಂತ್ರಣ ಎನ್ನುತ್ತಾರೆ.

ಕರಾವಳಿಯವರಿಗೆ ಇದನ್ನು ವಿವರಿಸಲು ದಿನದಿನದ ಲೆಕ್ಕ ಬರೆಯುವ ಕಿರ್ದಿ ಪುಸ್ತಕದ ಹೋಲಿಕೆಯೇ ಹೆಚ್ಚು ಹೊಂದುತ್ತದೆಂದು ನನ್ನ ಅನಿಸಿಕೆ. 1906ರಲ್ಲಿ ಮಂಗಳೂರು, ಉಡುಪಿಗಳಲ್ಲಿ ಹುಟ್ಟಿ ಮುಂದೆ ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಗಳಿಂದ ಹಿಡಿದು 1924ರ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್, 1931ರ ವಿಜಯಾ ಬ್ಯಾಂಕಿನವರೆಗೆ ಐದು ಬ್ಯಾಂಕುಗಳನ್ನು ಕಂಡ ಈ ನೆಲದಲ್ಲಿ, ಲೆಕ್ಕ ಬರೆಯುವ ಶಿಸ್ತನ್ನು ಬಲ್ಲವರು ಪ್ರತಿ ಮನೆತನದಲ್ಲೂ ಒಬ್ಬರಾದರೂ ಸಿಗುತ್ತಾರೆ. ಕಿರ್ದಿಯಲ್ಲಿ ಹಿಂದಿನ ನಮೂದನ್ನು ಕೆರೆದು ಅಳಿಸುವಂತಿಲ್ಲ. ತಪ್ಪಾಗಿದ್ದರೆ ಅದಕ್ಕೆ ಎದುರು ನಮೂದು ಹಾಕಿ, ವಿವರದ ಜಾಗದಲ್ಲಿ ಕಾರಣ ಬರೆಯಬೇಕು. ಇವತ್ತಿನ ಬಾಕಿ ಎಷ್ಟೆಂಬುದನ್ನು ಮೊದಲ ದಿನದಿಂದ ಇಂದಿನವರೆಗಿನ ನಮೂದುಗಳನ್ನು ಕೂಡಿ ಕಳೆದು ಯಾರು ಬೇಕಾದರೂ ತಾಳೆ ನೋಡಬಹುದು. ಆವೃತ್ತಿ ನಿಯಂತ್ರಣದಲ್ಲಿ ಆ ಒಂದೊಂದು ನಮೂದಿಗೆ ಕಮಿಟ್ ಎಂದು ಹೆಸರು, ಎಲ್ಲ ನಮೂದುಗಳನ್ನೂ ಹೊತ್ತ ಪುಸ್ತಕಕ್ಕೆ ರೆಪೊಸಿಟರಿ ಎಂದು ಹೆಸರು.

ಈ ಕೆಲಸಕ್ಕಾಗಿ 1972ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ವ್ಯವಸ್ಥೆಯಿಂದ ಮೊದಲ್ಗೊಂಡು ಹಲವು ತಂತ್ರಾಂಶಗಳು ಬಂದುಹೋಗಿವೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಗಿಟ್. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಬಳಕೆಯ ಅವಕಾಶ ನಿಂತುಹೋದಾಗ, ಲಿನಸ್ ಟೋರ್ವಾಲ್ಡ್ಸ್ ಅವರು 2005ರ ಏಪ್ರಿಲ್‌ನಲ್ಲಿ ಇದನ್ನು ಬರೆಯತೊಡಗಿದರು. ಕೆಲವೇ ತಿಂಗಳಲ್ಲಿ ಅದರ ಹೊಣೆ ಜುನಿಯೋ ಹಮಾನೋ ಅವರ ಕೈಗೆ ಬಂತು. ಪ್ರೋಗ್ರಾಮುಗಳಿಗೆಂದು ಹುಟ್ಟಿದರೂ ಗಿಟ್‌ಗೆ ಪಠ್ಯವಿದ್ದರೆ ಸಾಕು. ಆ ಪಠ್ಯ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಲಾಗಿದ್ದರೂ ಆಟದ ಪಟ್ಟಿಯಾಗಿದ್ದರೂ ಅದು ನಡೆಸಿಕೊಳ್ಳುವ ಬಗೆ ಒಂದೇ.

ಗಿಟ್‌ನ ಒಂದು ಕಮಿಟ್‌ನಲ್ಲಿ ಆ ಕ್ಷಣದ ಎಲ್ಲ ಕಡತಗಳ ಸ್ಥಿತಿ, ಬದಲಾಯಿಸಿದವರ ಹೆಸರು, ಸಮಯ, ಕಾರಣ ಹೇಳುವ ಸಂದೇಶ ಮತ್ತು ಹಿಂದಿನ ಕಮಿಟ್‌ನ ಗುರುತು ಇರುತ್ತವೆ. ಇವೆಲ್ಲವನ್ನೂ ಸೇರಿಸಿ ಗಣಿತದ ಒಂದು ಸೂತ್ರದ ಮೂಲಕ ಹಾಯಿಸಿದಾಗ 40 ಸ್ಥಾನಗಳ ಒಂದು ಗುರುತು ಹೊರಬರುತ್ತದೆ. ಅದೇ ಆ ಕಮಿಟ್‌ನ ಹೆಸರು. ಹಿಂದಿನ ಕಮಿಟ್‌ನ ಗುರುತೂ ಈ ಲೆಕ್ಕದೊಳಗೆ ಸೇರಿರುವುದರಿಂದ, ಮೂರು ತಿಂಗಳ ಹಿಂದಿನ ಒಂದು ಅಕ್ಷರವನ್ನು ಯಾರಾದರೂ ಗುಟ್ಟಾಗಿ ತಿದ್ದಿದರೂ ಅಲ್ಲಿಂದೀಚಿನ ಎಲ್ಲ ಗುರುತುಗಳೂ ಬದಲಾಗಿ ಅದು ಬಯಲಾಗುತ್ತದೆ. ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು: ಕಮಿಟ್‌ನಲ್ಲಿರುವ ಹೆಸರು ಬರೆದವರು ತಮ್ಮ ಕಂಪ್ಯೂಟರಿನಲ್ಲಿ ತಾವೇ ನಮೂದಿಸಿಕೊಂಡದ್ದು. ರೆಪೊಸಿಟರಿಗೆ ಬರೆಯುವ ಅಧಿಕಾರ ಯಾರಿಗಿದೆ ಎಂಬುದನ್ನು ಬೇರೆಯಾಗಿ ಕಾಯ್ದುಕೊಳ್ಳದಿದ್ದರೆ, ಅಥವಾ ಕಮಿಟ್‌ಗೆ ಡಿಜಿಟಲ್ ಸಹಿ ಇಲ್ಲದಿದ್ದರೆ, ಹೆಸರೊಂದನ್ನೇ ಸಾಕ್ಷಿಯೆಂದು ನಂಬಲಾಗದು.

ಈಗ ಆ ಸೋಮವಾರ ಬೆಳಿಗ್ಗೆ ನಮ್ಮಲ್ಲಿ ಗಿಟ್ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೋಡೋಣ. ಮೂಡುಬಿದಿರೆಯ ಕಾಗುಣಿತ ಸರಿಪಡಿಸಿದವರು ತಮ್ಮ ಕಮಿಟ್ ಅನ್ನು ಎಲ್ಲರಿಗೂ ಸಾಮಾನ್ಯವಾದ ರೆಪೊಸಿಟರಿಗೆ ಪುಶ್ ಮಾಡಲು, ಅಂದರೆ ಏರಿಸಲು, ಹೋದಾಗ, ನಿಮ್ಮ ಬಳಿ ಇಲ್ಲದ ಕಮಿಟ್ ಒಂದು ಇಲ್ಲಿದೆ, ಮೊದಲು ಅದನ್ನು ತೆಗೆದುಕೊಳ್ಳಿ ಎಂದು ಗಿಟ್ ತಡೆಯುತ್ತಿತ್ತು. ಅವರು ಅದನ್ನು ಪುಲ್ ಮಾಡಿದಾಗ, ಅಂದರೆ ಇಳಿಸಿಕೊಂಡಾಗ, ಗಿಟ್ ಮೂರು ಪ್ರತಿಗಳನ್ನು ಎದುರಿಗಿಟ್ಟುಕೊಳ್ಳುತ್ತದೆ: ಇಬ್ಬರಿಗೂ ಮೂಲವಾದ ಶನಿವಾರದ ಪ್ರತಿ, ಭಾನುವಾರ ತಿದ್ದಿದ ಪ್ರತಿ, ಸೋಮವಾರ ತಿದ್ದಿದ ಪ್ರತಿ. ಎರಡು ಪ್ರತಿಗಳನ್ನಷ್ಟೇ ಹೋಲಿಸಿದರೆ ‘ಶಿರ್ವ’ ಹಳೆಯದೋ ‘ಬೆಳ್ಮಣ್ಣು’ ಹಳೆಯದೋ ತಿಳಿಯುವಂತಿಲ್ಲ. ಮೂಲಪ್ರತಿ ಜೊತೆಗಿದ್ದಾಗ ಮಾತ್ರ, ಶಿರ್ವದ ಸಾಲನ್ನು ಒಬ್ಬರು ಬದಲಾಯಿಸಿದ್ದಾರೆ, ಇನ್ನೊಬ್ಬರು ಅದನ್ನು ಮುಟ್ಟಿಲ್ಲ, ಆದ್ದರಿಂದ ಬದಲಾದದ್ದೇ ಉಳಿಯಬೇಕು ಎಂದು ನಿರ್ಣಯಿಸಬಹುದು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವರು ಪಾಠಾಂತರಗಳ ಹಿಂದಿನ ಮಾತೃಪ್ರತಿಯನ್ನು ಹುಡುಕುವುದೂ ಇಂಥ ಅಗತ್ಯದಿಂದಲೇ. ಅವರಿಗೆ ಮಾತೃಪ್ರತಿ ಸಿಗುವುದು ಅಪರೂಪ, ಗಿಟ್‌ನಲ್ಲಿ ಅದು ಯಾವಾಗಲೂ ಕೈಯಲ್ಲಿರುತ್ತದೆ. ಹೀಗೆ ಶಿರ್ವದ ಸಾಲೂ ಮೂಡುಬಿದಿರೆಯ ಸಾಲೂ ತಂತಮ್ಮ ತಿದ್ದುಪಡಿಯೊಂದಿಗೆ ಉಳಿಯುತ್ತಿದ್ದವು, ಕಾಪುವಿನ ಹಿರಿಯರು ಬೆಳ್ಮಣ್ಣಿಗೆ ಹೋಗುತ್ತಿದ್ದರು.

ಇಬ್ಬರೂ ಒಂದೇ ಸಾಲನ್ನು, ಅಥವಾ ಒತ್ತಿನ ಸಾಲುಗಳನ್ನು ಬೇರೆ ಬೇರೆ ರೀತಿಯಲ್ಲಿ ತಿದ್ದಿದ್ದರೆ ಗಿಟ್ ಸ್ವತಃ ತೀರ್ಮಾನಿಸುವುದಿಲ್ಲ. ಎರಡೂ ಪಾಠಗಳನ್ನು ಗುರುತು ಹಾಕಿ ಮೇಲೆ ಕೆಳಗೆ ಇಟ್ಟು, ಯಾವುದು ಸರಿಯೆಂದು ಹೇಳಿ ಎನ್ನುತ್ತದೆ. ಇದನ್ನು ಕಾನ್‌ಫ್ಲಿಕ್ಟ್ ಎನ್ನುತ್ತಾರೆ. ಹೊಸಬರು ಈ ಪದಕ್ಕೇ ಹೆದರುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಗಿಟ್ ಮಾಡುವ ದೊಡ್ಡ ಉಪಕಾರ, ಏಕೆಂದರೆ ಮೊದಲು ಸದ್ದಿಲ್ಲದೆ ಆಗುತ್ತಿದ್ದ ನಷ್ಟವನ್ನು ಅದು ನಮ್ಮ ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಇಬ್ಬರೂ ವ್ಯವಸ್ಥಾಪಕರಿಗೆ ಒಂದು ಫೋನ್ ಮಾಡಿದರೆ ಅದು ಐದು ನಿಮಿಷದಲ್ಲಿ ಮುಗಿಯುವ ವಿಷಯ.

ಇದಕ್ಕಿಂತ ಅಪಾಯಕಾರಿಯಾದದ್ದು ಕಾನ್‌ಫ್ಲಿಕ್ಟ್ ಬಾರದೆಯೇ ಆಗುವ ತಪ್ಪು. ಒಬ್ಬರು ಪಟ್ಟಿಯ ನಡುವಿನ ಒಂದು ಆಟವನ್ನು 14ನೇ ತಾರೀಕಿಗೆ ಸರಿಸುತ್ತಾರೆ, ಇನ್ನೊಬ್ಬರು ಪಟ್ಟಿಯ ಕೊನೆಯಲ್ಲಿ ಅದೇ 14ಕ್ಕೆ ಹೊಸ ಆಟವೊಂದನ್ನು ಸೇರಿಸುತ್ತಾರೆ. ಸಾಲುಗಳು ಬೇರೆ ಬೇರೆಯಾದ್ದರಿಂದ ಗಿಟ್ ಎರಡನ್ನೂ ಸುಸೂತ್ರವಾಗಿ ಕೂಡಿಸುತ್ತದೆ, ಒಂದೇ ಮೇಳ ಒಂದೇ ರಾತ್ರಿ ಎರಡು ಊರುಗಳಲ್ಲಿ ಕುಣಿಯಬೇಕಾಗುತ್ತದೆ. ಗಿಟ್‌ಗೆ ಗೊತ್ತಿರುವುದು ಸಾಲು, ಅರ್ಥವಲ್ಲ. ಆದ್ದರಿಂದ ನಾವು ಪಟ್ಟಿಯನ್ನು ಪುಟದ ಅಲಂಕಾರದಿಂದ ಬೇರ್ಪಡಿಸಿ, ಒಂದು ಆಟಕ್ಕೆ ಒಂದು ಸಾಲಿನಂತೆ ಸರಳವಾದ ದತ್ತಾಂಶ ಕಡತದಲ್ಲಿ ಇಟ್ಟಿದ್ದೇವೆ, ಮತ್ತು ಒಂದೇ ದಿನಾಂಕ ಎರಡು ಬಾರಿ ಬಂದಿದೆಯೇ, ಸ್ಥಳದ ಕಾಲಂ ಖಾಲಿ ಇದೆಯೇ ಎಂದು ನೋಡುವ ಸಣ್ಣ ಪರೀಕ್ಷೆಯೊಂದು ಪ್ರತಿ ಬದಲಾವಣೆಯ ಮೇಲೂ ತಾನಾಗಿ ನಡೆಯುವಂತೆ ಮಾಡಿದ್ದೇವೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬದಲಾವಣೆ ಜಾಲತಾಣಕ್ಕೆ ಹೋಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಕೆಲವು ವಿಶೇಷ ತೊಡಕುಗಳಿವೆ. ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಇವುಗಳ ಪ್ರಸ್ತಾಪ ನನಗೆ ಕಂಡಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಮೊದಲನೆಯದು ಸಾಲಿನದು. ಬದಲಾವಣೆಯನ್ನು ತೋರಿಸುವ ಡಿಫ್ ಎಂಬ ನೋಟವು ಸಾಲನ್ನು ಘಟಕವಾಗಿ ಹಿಡಿದು, ಅಳಿದ ಸಾಲನ್ನು ಕೆಂಪಿನಲ್ಲೂ ಸೇರಿದ ಸಾಲನ್ನು ಹಸಿರಿನಲ್ಲೂ ತೋರಿಸುತ್ತದೆ. ಪ್ರಸಂಗದ ಕಥಾಸಾರವನ್ನು ಒಂದೇ ಉದ್ದನೆಯ ಪ್ಯಾರಾವಾಗಿ ಬರೆದಿದ್ದರೆ, ಅದರಲ್ಲಿ ಒಂದು ಒತ್ತಕ್ಷರ ತಿದ್ದಿದರೂ ಇಡೀ ಪ್ಯಾರಾ ಹೋಗಿ ಹೊಸ ಪ್ಯಾರಾ ಬಂದಂತೆ ಕಾಣುತ್ತದೆ, ಏನು ಬದಲಾಯಿತೆಂದು ಹುಡುಕಲು ಕಣ್ಣು ಸೋಲುತ್ತದೆ. ಪದ ಪದವಾಗಿ ಹೋಲಿಸುವ ಸೌಲಭ್ಯವೂ ಇದೆಯಾದರೂ, ‘ನಡೆಯಲಿರುವುದರಿಂದಲೇ’ ಎಂಬಂತೆ ಪ್ರತ್ಯಯಗಳೆಲ್ಲ ಒಂದೇ ಪದದಲ್ಲಿ ಕೂಡಿಕೊಳ್ಳುವ ನಮ್ಮ ಭಾಷೆಯಲ್ಲಿ ಅದರ ಪ್ರಯೋಜನ ಇಂಗ್ಲಿಷಿಗಿಂತ ಕಡಿಮೆ. ಒಂದು ವಾಕ್ಯಕ್ಕೆ ಒಂದು ಸಾಲು ಎಂಬ ನಿಯಮವನ್ನು ಇಟ್ಟುಕೊಂಡರೆ ಇದು ಪರಿಹಾರವಾಗುತ್ತದೆ. ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ರೀತಿಯಲ್ಲಿ ಬರೆದ ಕಡತದಲ್ಲಿ ಖಾಲಿ ಸಾಲು ಬರುವವರೆಗಿನ ಸಾಲುಗಳೆಲ್ಲ ಜಾಲತಾಣದಲ್ಲಿ ಒಂದೇ ಪ್ಯಾರಾವಾಗಿ ಕೂಡಿಕೊಳ್ಳುವುದರಿಂದ ಓದುಗರಿಗೆ ಯಾವ ವ್ಯತ್ಯಾಸವೂ ಕಾಣದು.

ಎರಡನೆಯದು ಕಣ್ಣಿಗೆ ಕಾಣದ ಭೇದ. ‘ಕೋಟ’ ಎಂಬ ಊರಿನ ಹೆಸರನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ, ಮೂರು ಸಂಕೇತಗಳಿಂದಲೂ ಬರೆಯಬಹುದು, ಐದರಿಂದಲೂ ಬರೆಯಬಹುದು: ‘ಕೋ’ ಅಕ್ಷರದ ಸ್ವರಚಿಹ್ನೆಗೆ ಒಂದೇ ಸಂಕೇತವಿದೆ, ಅದನ್ನೇ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿ ಬರೆಯಲೂ ಯೂನಿಕೋಡ್ ಅವಕಾಶ ಕೊಡುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಗಿಟ್‌ಗೆ ಅವು ಬೇರೆ ಬೇರೆ, ಹುಡುಕು ಸೌಲಭ್ಯಕ್ಕೂ ಹಲವೆಡೆ ಬೇರೆ ಬೇರೆ. ‘ಕಾಲೇಜ್‌ಗೆ’ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ಬಳಸುವ ಅಗೋಚರ ಸಂಕೇತವೂ ಹೀಗೆಯೇ. ಅದು ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಕಾಣುವುದಿಲ್ಲ, ಆದರೆ ಡಿಫ್‌ನಲ್ಲಿ ಆ ಸಾಲು ಬದಲಾಗಿದೆ ಎಂದು ಬರುತ್ತದೆ. ಏನೂ ಬದಲಾಗದಂತೆ ತೋರುವ ಸಾಲು ಏಕೆ ಕೆಂಪು ಹಸಿರಾಗಿದೆ ಎಂದು ನಾವು ಒಂದು ಸಂಜೆಯೆಲ್ಲ ತಲೆಕೆಡಿಸಿಕೊಂಡಿದ್ದುಂಟು. ಕಮಿಟ್ ಆಗುವ ಮೊದಲು ಎಲ್ಲ ಪಠ್ಯವನ್ನೂ ಯೂನಿಕೋಡ್‌ನ ಕೂಡಿಸಿದ ರೂಪಕ್ಕೆ ತರುವ, ಪದಾಂತ್ಯದ ಅಗೋಚರ ಸಂಕೇತಗಳನ್ನು ತೆಗೆಯುವ ಪುಟ್ಟ ಪ್ರೋಗ್ರಾಮನ್ನು ಜೋಡಿಸಿದ ಮೇಲೆ ಆ ಕಾಟ ನಿಂತಿತು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಗಳ ಫಾಂಟಿನಲ್ಲಿ ಟೈಪ್ ಮಾಡಿ ಕಳುಹಿಸಿದ ಲೇಖನಗಳನ್ನಂತೂ ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಇಲ್ಲದಿದ್ದರೆ ಗಿಟ್ ಕಾಪಾಡುವುದು ಅರ್ಥವಾಗದ ರೋಮನ್ ಅಕ್ಷರಗಳ ರಾಶಿಯನ್ನು.

ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಇನ್ನೊಂದು ವಿಚಿತ್ರ ಕಾಣಬಹುದು: ‘ಆಟ’ ಎಂಬ ಕಡತವನ್ನು ಗಿಟ್ \340\262\206\340\262\237 ಎಂದು ತೋರಿಸುತ್ತದೆ. ಹೆಸರು ಕೆಟ್ಟಿಲ್ಲ, ತೋರಿಸುವ ಕ್ರಮ ಹಾಗಿದೆ ಅಷ್ಟೇ. ಗಿಟ್‌ನ ಸೆಟ್ಟಿಂಗುಗಳಲ್ಲಿ ‘ಕೋಟ್‌ಪಾತ್’ ಎಂಬುದನ್ನು ನಿಲ್ಲಿಸಿದರೆ ಕನ್ನಡವೇ ಕಾಣುತ್ತದೆ.

ತಪ್ಪೊಂದು ಜಾಲತಾಣಕ್ಕೆ ಹೋಗಿಬಿಟ್ಟಾಗ ಎರಡು ದಾರಿಗಳಿವೆ. ರಿಸೆಟ್ ಎಂಬುದು ಕಿರ್ದಿಯ ಪುಟವನ್ನೇ ಹರಿದು ಹಾಕಿದಂತೆ: ಒಂದು ಕಮಿಟ್‌ನ ಈಚಿನದೆಲ್ಲವನ್ನೂ ಚರಿತ್ರೆಯಿಂದ ಕಿತ್ತುಹಾಕಬಲ್ಲದು. ರಿವರ್ಟ್ ಎಂಬುದು ಎದುರು ನಮೂದು: ಆ ಒಂದು ಕಮಿಟ್ ಮಾಡಿದ್ದನ್ನು ಮಾತ್ರ ಹಿಮ್ಮುಖವಾಗಿ ಮಾಡುವ ಹೊಸ ಕಮಿಟ್ ಬರೆಯುತ್ತದೆ, ಅದರ ನಂತರ ಬಂದ ಬೇರೆ ತಿದ್ದುಪಡಿಗಳು ಹಾಗೆಯೇ ಉಳಿಯುತ್ತವೆ. ಇತರರೊಂದಿಗೆ ಹಂಚಿಕೊಂಡ ಚರಿತ್ರೆಯ ಮೇಲೆ ರಿಸೆಟ್ ಬಳಸಬಾರದೆಂಬುದು ನಮ್ಮ ಕಟ್ಟುನಿಟ್ಟಿನ ನಿಯಮ. ತಪ್ಪು ಆದದ್ದೂ ಅದನ್ನು ಸರಿಪಡಿಸಿದ್ದೂ ಎರಡೂ ಪುಸ್ತಕದಲ್ಲಿರಬೇಕು.

ದೊಡ್ಡ ಬದಲಾವಣೆಗಳಿಗೆ ಬ್ರಾಂಚ್, ಅಂದರೆ ಕವಲು, ಬೇಕು. ಮಂಗಳೂರಿನ ಹೆಸರಿನ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಊರಿನ ಅಧಿಕೃತ ಹೆಸರು ಮಂಗಳೂರು ಎಂದಾಯಿತು. ನಮ್ಮ ಇಂಗ್ಲಿಷ್ ಪುಟಗಳಲ್ಲಿ ಅಲ್ಲಲ್ಲಿ ಉಳಿದಿದ್ದ ‘ಮ್ಯಾಂಗಲೋರ್’ ಅನ್ನು ಬದಲಾಯಿಸಲು ಒಬ್ಬರು ಪ್ರತ್ಯೇಕ ಕವಲಿನಲ್ಲಿ ಎಲ್ಲ ಕಡೆಯೂ ಒಮ್ಮೆಲೇ ಹುಡುಕಿ ಬದಲಿಸಿದರು. ಮುಖ್ಯ ಕವಲಿಗೆ ಸೇರಿಸಿಕೊಳ್ಳುವಂತೆ ಕೋರುವ ಪುಲ್ ರಿಕ್ವೆಸ್ಟ್ ಬಂದಾಗ ಇನ್ನೊಬ್ಬರು ಡಿಫ್ ಓದಿದರು. ಇಂದಿಗೂ ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಯೂನಿವರ್ಸಿಟಿ ಎಂದೇ ಹೆಸರಿರುವ ವಿಶ್ವವಿದ್ಯಾನಿಲಯದ ಹೆಸರೂ, ಜನರ ಬಾಯಲ್ಲಿ ನಿಂತಿರುವ ಮ್ಯಾಂಗಲೋರ್ ಟೈಲ್ಸ್ ಎಂಬ ಮಾತೂ ಅದರಲ್ಲಿ ಬದಲಾಗಿಹೋಗಿದ್ದವು. ಬರೆದವರ ಕಣ್ಣಿಗೆ ಬೀಳದ್ದು ಎರಡನೆಯವರ ಕಣ್ಣಿಗೆ ಬಿತ್ತು, ಅದೂ ಪ್ರಕಟವಾಗುವ ಮೊದಲೇ.

ಮುಖ್ಯ ಕವಲಿಗೆ ಸೇರಿದ ಬದಲಾವಣೆ ಜಾಲತಾಣವಾಗುವುದು ಸರಳ. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ ಮುಂತಾದ ತಂತ್ರಾಂಶಗಳು ಪಠ್ಯ ಕಡತಗಳಿಂದ ಪುಟಗಳನ್ನು ಕಟ್ಟಿಕೊಡುತ್ತವೆ, ಆ ಕಟ್ಟುವಿಕೆ ಪ್ರತಿ ಮರ್ಜ್‌ನ, ಅಂದರೆ ಸೇರ್ಪಡೆಯ, ನಂತರ ತಾನಾಗಿ ನಡೆಯುವಂತೆ ಮಾಡಬಹುದು. ಜಾಲತಾಣ ನಡೆಸಲು ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವರು ಇದೆಲ್ಲ ತಮಗೇಕೆ ಎಂದು ಕೇಳಬಹುದು, ಏಕೆಂದರೆ 2008ರಿಂದ ಅದರಲ್ಲಿಯೂ ಪ್ರತಿ ಲೇಖನದ ಹಳೆಯ ರೂಪಗಳು ಉಳಿಯುತ್ತವೆ. ತುಳು ವಿಕಿಪೀಡಿಯದ ಪ್ರತಿ ಪುಟಕ್ಕೂ ಇಂಥ ಇತಿಹಾಸವಿದೆ. ಒಬ್ಬರೇ ಬರೆಯುವ ತಾಣಕ್ಕೆ ಅಷ್ಟೇ ಸಾಕು. ಆದರೆ ಅವು ಒಂದೊಂದು ಪುಟದ ಇತಿಹಾಸಗಳು. ಪಟ್ಟಿ, ಮುಖಪುಟದ ಸೂಚನೆ, ಪ್ರಸಂಗದ ಪರಿಚಯ ಎಂಬ ಮೂರೂ ಒಂದೇ ಕಾರಣಕ್ಕೆ ಒಟ್ಟಿಗೆ ಬದಲಾದಾಗ, ಆ ಮೂರನ್ನೂ ಒಂದೇ ನಮೂದಾಗಿ ಕಟ್ಟಿಡುವುದು, ಬೇಕಾದರೆ ಒಂದಾಗಿಯೇ ಹಿಂತೆಗೆಯುವುದು ಗಿಟ್‌ನಲ್ಲಿ ಸಾಧ್ಯ.

ಗಿಟ್‌ನಲ್ಲಿ ಇಡಬಾರದವುಗಳೂ ಇವೆ. ಆಟದ ಫೋಟೊ, ವಿಡಿಯೊಗಳನ್ನು ಸೇರಿಸುತ್ತ ಹೋದರೆ ರೆಪೊಸಿಟರಿ ಊದಿಕೊಳ್ಳುತ್ತದೆ. ರೆಪೊಸಿಟರಿಗಳಿಗೆ ಜಾಗ ಕೊಡುವ ಗಿಟ್‌ಹಬ್ ತಾಣವಂತೂ 100 ಎಂಬಿ ಮೀರಿದ ಕಡತವನ್ನು ಸ್ವೀಕರಿಸುವುದೇ ಇಲ್ಲ. ಪಾಸ್‌ವರ್ಡ್‌ಗಳು, ಸೇವಾಕರ್ತರ ಫೋನ್ ನಂಬರುಗಳು ಒಮ್ಮೆ ಕಮಿಟ್ ಆದರೆ, ಮರುದಿನ ಅಳಿಸಿದರೂ ಹಿಂದಿನ ಕಮಿಟ್‌ನಲ್ಲಿ ಉಳಿದೇ ಇರುತ್ತವೆ. ಚರಿತ್ರೆಯನ್ನೇ ಮತ್ತೆ ಬರೆದು ತೆಗೆದರೂ ಬೇರೆಯವರ ಕಂಪ್ಯೂಟರುಗಳಲ್ಲಿರುವ ಪ್ರತಿಗಳನ್ನು ಮುಟ್ಟಲಾಗದು. ಏನನ್ನೂ ಮರೆಯದಿರುವುದೇ ಈ ವ್ಯವಸ್ಥೆಯ ಗುಣವಾದ್ದರಿಂದ, ಮರೆಯಬೇಕಾದದ್ದನ್ನು ಅದಕ್ಕೆ ಕೊಡಬಾರದು. ನಮ್ಮ ಸಂದೇಶಗಳಲ್ಲಿಯೂ ಮನೆಯವರ ಹೆಸರು ಬರೆಯುವುದಿಲ್ಲ.

ಆ ಸಂದೇಶಗಳ ಬಗ್ಗೆ ನನಗೆ ಹೆಚ್ಚಿನ ಕಾಳಜಿ ಇದೆ. ‘ಪಟ್ಟಿ ಬದಲಾವಣೆ’ ಎಂದಷ್ಟೇ ಬರೆದ ಕಮಿಟ್ ಏನನ್ನೂ ಹೇಳುವುದಿಲ್ಲ, ಏನು ಬದಲಾಯಿತೆಂಬುದು ಡಿಫ್‌ನಲ್ಲಿಯೇ ಕಾಣುತ್ತದೆ. ಕಾಣದಿರುವುದು ಕಾರಣ. ‘ಸೂತಕದ ನಿಮಿತ್ತ ಶಿರ್ವದ ಆಟ ಫೆಬ್ರವರಿಗೆ, ಬೆಳ್ಮಣ್ಣಿನದ್ದು ಈ ಮಂಗಳವಾರಕ್ಕೆ, ವ್ಯವಸ್ಥಾಪಕರು ಭಾನುವಾರ ಸಂಜೆ ಫೋನಿನಲ್ಲಿ ತಿಳಿಸಿದ್ದು’ ಎಂದು ಬರೆದಿದ್ದರೆ ಮುಂದೆ ಅದನ್ನು ಓದುವವರಿಗೆ ಯಾರನ್ನೂ ಕೇಳುವ ಅಗತ್ಯವಿರುವುದಿಲ್ಲ. ಮೇಳದ ವ್ಯವಸ್ಥಾಪಕರು ಗಿಟ್‌ನ ಆಜ್ಞೆಗಳನ್ನು ಕಲಿಯಬೇಕಾಗಿಲ್ಲ. ಅವರು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದನ್ನು ನಮ್ಮಲ್ಲೊಬ್ಬರು ಕಾರಣದೊಂದಿಗೆ ಬರೆದುಕೊಂಡರೆ ಸಾಕು.

ಪತ್ತನಾಜೆಯಂದು ಮೇಳ ಗೆಜ್ಜೆ ಬಿಚ್ಚಿದಾಗ ನಾವೂ ಆ ದಿನದ ಕಮಿಟ್‌ಗೆ ಆ ವರ್ಷದ ತಿರುಗಾಟದ ಹೆಸರಿನಲ್ಲಿ ಟ್ಯಾಗ್ ಎಂಬ ಒಂದು ಹೆಸರುಚೀಟಿ ಹಾಕುತ್ತೇವೆ. ಕಳೆದ ಮಳೆಗಾಲದಲ್ಲಿ ಕಾರ್ಕಳದ ಕಡೆಯಿಂದ ಒಬ್ಬರು ಫೋನ್ ಮಾಡಿ, ಎರಡು ವರ್ಷದ ಹಿಂದೆ ತಮ್ಮ ಮನೆಯ ಆಟಕ್ಕೆ ಮೊದಲು ಗೊತ್ತಾಗಿದ್ದ ಪ್ರಸಂಗ ಯಾವುದು, ಅದನ್ನು ಬದಲಾಯಿಸಿದ್ದೇಕೆ, ಅಜ್ಜಿಗೆ ನೆನಪಾಗುತ್ತಿಲ್ಲ, ಈ ಸಲ ಅದನ್ನೇ ಆಡಿಸಬೇಕೆಂದು ಹಟ ಹಿಡಿದಿದ್ದಾರೆ ಎಂದರು. ಆ ವರ್ಷದ ಟ್ಯಾಗ್ ತೆರೆದು, ಆ ಒಂದು ಸಾಲಿನ ಚರಿತ್ರೆಯನ್ನು ಗಿಟ್‌ನಲ್ಲಿ ಕೇಳಿದಾಗ ಮೂರು ಕಮಿಟ್‌ಗಳು ಬಂದವು. ಎರಡನೆಯದರ ಸಂದೇಶದಲ್ಲಿ ಹೀಗಿತ್ತು: ‘ಕಲಾವಿದರೊಬ್ಬರಿಗೆ ಜ್ವರವಿರುವುದರಿಂದ ಪ್ರಸಂಗ ಬದಲು, ಮನೆಯವರ ಒಪ್ಪಿಗೆ ಪಡೆಯಲಾಗಿದೆ.’ ಅದರ ಕೆಳಗೆ ಕೆಂಪು ಬಣ್ಣದಲ್ಲಿ ಹಳೆಯ ಪ್ರಸಂಗದ ಹೆಸರಿತ್ತು. ಅದನ್ನು ಅವರಿಗೆ ಓದಿ ಹೇಳಿದೆವು.